ಎಲುಬಿನ ಕ್ಲಾಸು ನೋಡಿ ಬಂದೆ

ಗೇಟಿನ ಕಾವಲುಗಾರರಿಗೆ ಬಯೋಮೆಕ್ಯಾನಿಕ್ಸ್ ಎಂದೆ, ಸುಮ್ಮನೆ ಮುಖ ನೋಡಿದರು. ಮೈನರ್ ಕ್ಲಾಸು ಎಂದೆ, ಅದೂ ತಿಳಿಯಲಿಲ್ಲ. ಕೈಕಾಲು, ಮಂಡಿ, ನಡಿಗೆ ಎಂದು ಏನೇನೋ ಹೇಳಿದ ಮೇಲೆ, “ಎಲುಬಿನ ಕ್ಲಾಸ್ ಅನ್ರಿ ಮತ್ತ! ಹಿಂದಿನ ಬ್ಲಾಕ್, ವರ್ಕ್‌ಶಾಪ್ ಬಾಜೂಕ ಹೋಗ್ರಿ” ಎಂದು ಕೈ ತೋರಿಸಿದರು.

ವಿಜಯಪುರದ ಅಂಚಿನಲ್ಲಿರುವ ಎಂಜಿನಿಯರಿಂಗ್ ಕಾಲೇಜು ಇದು. ಹೆಸರು ಬರೆಯಬೇಡಿ ಎಂದಿದ್ದಾರೆ, ಬರೆಯುವುದಿಲ್ಲ. ಫೆಬ್ರುವರಿ ಇನ್ನೂ ಅರ್ಧ ಕಳೆದಿಲ್ಲ, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಶನಿವಾರ ಮಧ್ಯಾಹ್ನವಾದ್ದರಿಂದ ಅಂಗಳ ಖಾಲಿ. ಬೇವಿನ ಮರದ ಕೆಳಗೆ ನಾಲ್ಕು ಬೈಕು, ಒಂದು ರೇಸಿಂಗ್ ಸೈಕಲ್ಲು. ಆ ಸೈಕಲ್ಲನ್ನು ಮತ್ತೆ ಒಳಗೆ ನೋಡುತ್ತೇನೆಂದು ಆಗ ಅಂದುಕೊಂಡಿರಲಿಲ್ಲ.

ಹಿಂದಿನ ಬ್ಲಾಕಿನ ಬಾಗಿಲಲ್ಲೇ ಸೂಚನಾ ಫಲಕ. ಮೈನರ್‌ಗೆ ಸೇರಿದವರ ವೇಳಾಪಟ್ಟಿ ಅಂಟಿಸಿದ್ದಾರೆ. ಎಲ್ಲ ತರಗತಿಗಳೂ ಸಂಜೆ ನಾಲ್ಕರ ಮೇಲೆ ಅಥವಾ ಶನಿವಾರ. ಇದರ ಲೆಕ್ಕ ಗೊತ್ತಿಲ್ಲದವರಿಗೆ ಎರಡು ಮಾತು: 2018ರ ಮಾದರಿ ಪಠ್ಯಕ್ರಮ ಬಂದಾಗ ಎಂಜಿನಿಯರಿಂಗ್ ಪದವಿಗೆ 160 ಕ್ರೆಡಿಟ್ ಎಂದು ನಿಗದಿಯಾಯಿತು. ಅದರ ಮೇಲೆ ಇನ್ನೂ 18ರಿಂದ 20 ಕ್ರೆಡಿಟ್ ಬೇರೆ ವಿಷಯದಲ್ಲಿ ಓದಿದರೆ ಪದವಿಯ ಜೊತೆ ‘ಮೈನರ್’ ಎಂದು ಸೇರುತ್ತದೆ. ಅಂದರೆ ಮೆಕ್ಯಾನಿಕಲ್ ಓದುವ ಹುಡುಗ ತನ್ನ ಪಾಠ ಬಿಡದೆ, ಸಂಜೆಯ ಹೊತ್ತನ್ನು ಒತ್ತೆಯಿಟ್ಟು ಇನ್ನೊಂದನ್ನು ಕಲಿಯುತ್ತಾನೆ. ಹಾಜರಿಯೂ ಉಂಟು, ಪರೀಕ್ಷೆಯೂ ಉಂಟು. ಅರ್ಧ ಪಾಠ ಆನ್‌ಲೈನ್‌ನಲ್ಲಿ ಐಐಟಿ ಮೇಷ್ಟರುಗಳದು, ಇನ್ನರ್ಧ ಇಲ್ಲಿಯ ಮೇಷ್ಟರದು. ಫಲಕದ ಮೂಲೆಯಲ್ಲಿ ಯಾರೋ ಪೆನ್ಸಿಲಿನಲ್ಲಿ “ಚಹಾ ಕ್ರೆಡಿಟ್ ಎಷ್ಟು?” ಎಂದು ಗೀಚಿದ್ದರು.

ಮೊದಲು ಸಿಕ್ಕಿದ್ದು ಕ್ಲಾಸ್‌ರೂಮು. ಕರಿಹಲಗೆಯ ಮೇಲೆ ಒಂಟಿಕಾಲಲ್ಲಿ ನಿಂತ ಮನುಷ್ಯನ ಚಿತ್ರ. ಕಡ್ಡಿಯಂಥ ದೇಹ, ಸೊಂಟದಲ್ಲಿ ಒಂದು ಚುಕ್ಕೆ, ಎರಡು ಬಾಣ. ಮೇಷ್ಟರು ನನ್ನನ್ನು ಹಿಂದಿನ ಬೆಂಚಿಗೆ ಕೂರಿಸಿ ಪಾಠ ಮುಂದುವರಿಸಿದರು. ಅರವತ್ತು ಕಿಲೋದ ಮನುಷ್ಯ ಎಡಗಾಲ ಮೇಲೆ ನಿಂತಿದ್ದಾನೆ ಎನ್ನಿ. ಆ ಕಾಲಿನ ಭಾರ ಕಳೆದರೆ ಸೊಂಟದ ಕೀಲಿನ ಮೇಲೆ ಸುಮಾರು 50 ಕಿಲೋ. ಆದರೆ ಆ ಭಾರ ಕೀಲಿನ ನೆಟ್ಟಗೆ ಮೇಲಿಲ್ಲ, ಹತ್ತು ಸೆಂಟಿಮೀಟರ್ ಒಳಬದಿಗಿದೆ. ದೇಹ ಬಲಕ್ಕೆ ವಾಲದಂತೆ ಹಿಡಿದಿರುವ ಸ್ನಾಯು ಕೀಲಿನಿಂದ ಹೊರಗೆ ಐದೇ ಸೆಂಟಿಮೀಟರ್ ದೂರದಲ್ಲಿದೆ. ತಕ್ಕಡಿ ಸಮ ಆಗಬೇಕಾದರೆ ಸ್ನಾಯು 100 ಕಿಲೋ ಎಳೆಯಬೇಕು. ಎರಡೂ ಸೇರಿ ಕೀಲಿನ ಮೇಲೆ 150. ಅರವತ್ತು ಕಿಲೋದವನ ಸೊಂಟ ಒಂದೊಂದು ಹೆಜ್ಜೆಗೂ ಹೊರುವುದು ಹೆಚ್ಚುಕಡಿಮೆ ಇಷ್ಟು.

“ಈಗ ಬಡಿಗಿ ಕೊಡೂಣು ಇವಗ” ಎಂದು ಮೇಷ್ಟರು ಚಿತ್ರದ ಬಲಗೈಗೆ ಒಂದು ಗೆರೆ ಎಳೆದರು. ನೋವಿರುವುದು ಎಡ ಸೊಂಟದಲ್ಲಿ, ಕೋಲು ಬಲಗೈಯಲ್ಲಿ. ಕೋಲಿನ ಮೇಲೆ ಐದು ಕಿಲೋ ಊರಿದರೆ ಸಾಕು. ಕೋಲು ಕೀಲಿನಿಂದ ನಲವತ್ತು ಸೆಂಟಿಮೀಟರ್ ಆಚೆ ಇರುವುದರಿಂದ ಸ್ನಾಯುವಿನ ಕೆಲಸ 60 ಕಿಲೋಗೆ ಇಳಿಯುತ್ತದೆ, ಕೀಲಿನ ಭಾರ 105ಕ್ಕೆ. ಐದು ಕಿಲೋ ಊರಿ ನಲವತ್ತೈದು ಕಿಲೋ ಇಳಿಸಿಕೊಂಡ ಹಾಗಾಯಿತು. ನೋವಿರುವ ಬದಿಯ ಕೈಯಲ್ಲೇ ಕೋಲು ಹಿಡಿದರೆ ಈ ಲಾಭ ಸಿಗುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ, ದರ್ಗಾದ ಮುಂದೆ, ಸಂತೆಯಲ್ಲಿ ಕೋಲು ಹಿಡಿದು ನಡೆಯುವ ಹಿರಿಯರನ್ನು ನೆನೆದುಕೊಂಡೆ. ನೋವಿನ ಬದಿಗೇ ಹಿಡಿದವರು ಎಷ್ಟೋ ಜನ. ಅವರಿಗೆ ಯಾರೂ ಹೇಳಿಲ್ಲ, ಅಷ್ಟೇ. ಲೆಕ್ಕ ಶಾಲೆಯಲ್ಲಿ ಕಲಿತ ಸನ್ನೆಗೋಲಿನದು.

ಕ್ಲಾಸಿನಲ್ಲಿದ್ದವರು ಹತ್ತು ಹನ್ನೆರಡು ಮಂದಿ. ಹೆಚ್ಚಿನವರು ಮೆಕ್ಯಾನಿಕಲ್, ಒಂದಿಬ್ಬರು ಎಲೆಕ್ಟ್ರಾನಿಕ್ಸ್. ಏಕೆ ಸೇರಿದಿರಿ ಎಂದು ಕೇಳಿದರೆ ಉತ್ತರ ತರಾವರಿ. ಒಬ್ಬನಿಗೆ ಕೃತಕ ಕೀಲು ಮಾಡುವ ಕಂಪನಿ ಸೇರುವ ಆಸೆ. ಇನ್ನೊಬ್ಬ ಗೆಳೆಯ ಸೇರಿದನೆಂದು ಸೇರಿದ. ತಿಕೋಟಾ ಕಡೆಯ ಹುಡುಗಿಯೊಬ್ಬಳ ಉತ್ತರ ಬೇರೆಯಿತ್ತು: “ನಮ್ಮ ಅವ್ವ ದಿನಾ ಸಂಜೀಕ ರಟ್ಟಿ ನೋಯ್ತಾವು ಅಂತಿರ್ತಾಳ್ರಿ. ಯಾಕ್ ನೋಯ್ತಾವು ಅಂತ ಈಗ ಲೆಕ್ಕ ಮಾಡಾಕ ಬರತೈತಿ.” ಅವರದು ದ್ರಾಕ್ಷಿ ಪಡದ ಮನೆ.

ಕೆಲಸದ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಬಯೋಮೆಕ್ಯಾನಿಕ್ಸ್ ಮೈನರ್ ಹಿಡಿದುಕೊಂಡು ಹೋದರೆ ಬಾಗಿಲು ತೆರೆಯುವ ಹುದ್ದೆ ಈ ಊರಲ್ಲಿ ನನಗಂತೂ ಕಾಣಲಿಲ್ಲ. ಕೃತಕ ಅವಯವ, ಇಂಪ್ಲಾಂಟ್, ಕ್ರೀಡಾ ತರಬೇತಿ, ಕಾರ್ಖಾನೆಯಲ್ಲಿ ಕೆಲಸಗಾರರ ಕುರ್ಚಿ-ಮೇಜಿನ ವಿನ್ಯಾಸ ಇವೆಲ್ಲ ಇರುವುದು ದೊಡ್ಡ ಊರುಗಳಲ್ಲಿ, ಅದೂ ಎಂ.ಟೆಕ್. ಮಾಡಿದವರಿಗೆ. ಮೇಷ್ಟರು ಇದನ್ನು ಮುಚ್ಚಿಡಲಿಲ್ಲ. ಸೇರುವ ದಿನವೇ ಹುಡುಗರಿಗೆ ಹೇಳುತ್ತಾರಂತೆ.

ಕ್ಲಾಸ್‌ರೂಮಿನ ಪಕ್ಕದ ಕೋಣೆಯೇ ಕಾವಲುಗಾರರ ‘ಎಲುಬಿನ ಕ್ಲಾಸು’. ಉದ್ದ ಮೇಜು, ಮೇಲೆ ಪ್ಲಾಸ್ಟಿಕ್ ಅಸ್ಥಿಪಂಜರ ಒಂದು, ಅದರ ಬಲಗೈ ಇಲ್ಲ. ಟ್ರೇಗಳಲ್ಲಿ ಆಡಿನ ತೊಡೆ ಎಲುಬುಗಳು. ಮಟನ್ ಅಂಗಡಿಯಿಂದ ತರುವುದು, ಕುದಿಸಿ ತೊಳೆಯುವುದು ಹುಡುಗರದೇ ಪಾಳಿ. ಮನೆಯಲ್ಲಿ ಮಾಂಸ ತಿನ್ನದವರೂ ಇದ್ದಾರೆ. ಅವರು ಕೈಗವಸು ಹಾಕಿಕೊಂಡೇ ಮುಟ್ಟುತ್ತಾರೆ. ಒಬ್ಬಳಿಗೆ ಮನೆಯಲ್ಲಿ ಸ್ನಾನ ಮಾಡದೆ ಅಡುಗೆಮನೆ ಪ್ರವೇಶವಿಲ್ಲ. “ಶನಿವಾರಕ್ಕೊಮ್ಮೆ ತಲಿ ಮ್ಯಾಲ ನೀರು ಗ್ಯಾರಂಟಿ ನೋಡ್ರಿ” ಎಂದು ನಕ್ಕಳು.

ಅವಳೇ ಒಂದು ಗಾಜಿನ ಬಾಟಲಿ ತೆರೆದು ತೋರಿಸಿದಳು. ವಿನೆಗರ್‌ನಲ್ಲಿ ಕೆಲವು ದಿನ ನೆನೆಸಿಟ್ಟ ಕೋಳಿ ಎಲುಬು. ಚಿಮಟಿಗೆಯಿಂದ ಎತ್ತಿ ಎರಡು ಬೆರಳಲ್ಲಿ ಬಾಗಿಸಿದರೆ ರಬ್ಬರಿನಂತೆ ಬಾಗಿತು, ಮುರಿಯಲಿಲ್ಲ. ಆಮ್ಲ ಸುಣ್ಣದಂಶವನ್ನೆಲ್ಲ ತಿಂದುಹಾಕಿದೆ, ಉಳಿದಿರುವುದು ನಾರು ಮಾತ್ರ. ಪಕ್ಕದಲ್ಲಿ ಒಲೆಯಲ್ಲಿ ಸುಟ್ಟ ಎಲುಬು. ಅದರಲ್ಲಿ ನಾರು ಸುಟ್ಟುಹೋಗಿ ಸುಣ್ಣ ಉಳಿದಿದೆ, ಬೆರಳಿನಿಂದ ಒತ್ತಿದರೆ ಪುಡಿ. ಎರಡನ್ನೂ ಹೆಣೆದು ಮಾಡಿದ ವಸ್ತು ಎಲುಬು ಎನ್ನುವುದನ್ನು ಪುಸ್ತಕದಲ್ಲಿ ಓದಿದ್ದೆ. ಬೆರಳಿಗೆ ಗೊತ್ತಾಗಿದ್ದು ಈಗ.

ಉದ್ದಕ್ಕೆ ಸೀಳಿದ ತೊಡೆ ಎಲುಬೂ ಇತ್ತು. ತುದಿಯ ಗುಂಡಿನೊಳಗೆ ಸಣ್ಣ ಸಣ್ಣ ಎಳೆಗಳು ಕಮಾನಿನಂತೆ ಬಾಗಿ ಒಂದನ್ನೊಂದು ಕತ್ತರಿಸುತ್ತವೆ. 1866ರ ಸುಮಾರಿಗೆ ಜ್ಯೂರಿಕ್‌ನಲ್ಲಿ ಕಾರ್ಲ್ ಕುಲ್‌ಮನ್ ಎಂಬ ಎಂಜಿನಿಯರ್ ಒಬ್ಬ ಅಂಗರಚನಾ ತಜ್ಞರ ಬಳಿ ಮನುಷ್ಯನ ಎಲುಬಿನಲ್ಲಿ ಇದೇ ಎಳೆಗಳನ್ನು ಕಂಡು, ತಾನು ಕ್ರೇನಿಗೆ ಎಳೆಯುವ ಒತ್ತಡದ ಗೆರೆಗಳು ಇವೇ ಎಂದನಂತೆ. ಭಾರ ಬೀಳುವ ಕಡೆ ಎಲುಬು ಬೆಳೆಯುತ್ತದೆ, ಭಾರವಿಲ್ಲದ ಕಡೆ ಸವೆಯುತ್ತದೆ ಎಂದು ಜೂಲಿಯಸ್ ವೂಲ್ಫ್ 1892ರಲ್ಲಿ ಪುಸ್ತಕವನ್ನೇ ಬರೆದ. ಹುಡುಗರು ಈ ಎಳೆಗಳನ್ನು ಗೋಳಗುಮ್ಮಟಕ್ಕೆ ಹೋಲಿಸುತ್ತಾರೆ. ಅಲ್ಲೂ ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡೇ ಗುಮ್ಮಟದ ಭಾರವನ್ನು ಗೋಡೆಗೆ ಇಳಿಸುತ್ತವೆ, ನಡುವೆ ಕಂಬವಿಲ್ಲ. ಹೋಲಿಕೆ ಅರ್ಧ ಮಾತ್ರ ಸರಿ ಎಂದು ಮೇಷ್ಟರು ತಡೆದರು. ಗುಮ್ಮಟ 1656ರಲ್ಲಿ ಹೇಗಿತ್ತೋ ಹಾಗೇ ನಿಲ್ಲಬೇಕು. ಮನುಷ್ಯ ಹಾಸಿಗೆ ಹಿಡಿದರೆ ಎಲುಬು ತೆಳುವಾಗುತ್ತದೆ, ಎದ್ದು ಓಡಾಡಿದರೆ ಮತ್ತೆ ಕಟ್ಟಿಕೊಳ್ಳುತ್ತದೆ.

ಗೋಡೆಯ ಕಪಾಟಿನಲ್ಲಿ ಒಂದು ಜೈಪುರ ಪಾದ ಕಂಡಿತು. 1968ರ ಹೊತ್ತಿಗೆ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಪಿ.ಕೆ. ಸೇಠಿ ಸೇರಿ ರೂಪಿಸಿದ್ದು. ಅಲ್ಲಿಯವರೆಗೆ ಸಿಗುತ್ತಿದ್ದ ಪರದೇಶದ ಮಾದರಿಗೆ ಬೂಟು ಬೇಕೇಬೇಕಿತ್ತು. ಕುಕ್ಕರುಗಾಲಲ್ಲಿ ಕೂರಲು, ಚಕ್ಕಳಮಕ್ಕಳ ಹಾಕಲು, ಕೆಸರಿಗೆ ಇಳಿಯಲು ಅದು ಒದಗುತ್ತಿರಲಿಲ್ಲ. ಇದು ರಬ್ಬರಿನದು, ಬರಿಗಾಲಲ್ಲೇ ಹೊಲಕ್ಕೆ ಹೋಗಬಹುದು. ಕೈಯಲ್ಲಿ ಹಿಡಿದು ಮುಂಗಾಲು ಒತ್ತಿ ನೋಡಿದೆ, ಬಾಗಿ ತಿರುಗಿ ನೆಟ್ಟಗಾಯಿತು. ಈ ಕೋಣೆಯಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟ ವಸ್ತು ಇದೇ.

ಅಲ್ಲಿಂದ ಮುಂದೆ ಓಣಿಯಂಥ ಉದ್ದನೆಯ ಜಾಗ. ಅದೇ ನಡಿಗೆಯ ಪ್ರಯೋಗಾಲಯ. ದೊಡ್ಡ ಊರುಗಳಲ್ಲಿ ಇಂಥ ಪ್ರಯೋಗಾಲಯಕ್ಕೆ ಸುತ್ತ ಇನ್‌ಫ್ರಾರೆಡ್ ಕ್ಯಾಮೆರಾ, ನೆಲದೊಳಗೆ ಹೂತ ಫೋರ್ಸ್‌ಪ್ಲೇಟು, ಎಲ್ಲ ಸೇರಿ ದೊಡ್ಡ ಮೊತ್ತ. ಇಲ್ಲಿ ಹಲಗೆಯ ಕಾಲುದಾರಿ, ಅದರ ನಡುವೆ ಒಂದು ಕಬ್ಬಿಣದ ತಗಡು, ಕೆಳಗೆ ನಾಲ್ಕು ಮೂಲೆಗೆ ನಾಲ್ಕು ಲೋಡ್‌ಸೆಲ್. ಕಿರಾಣಿ ಅಂಗಡಿಯ ತೂಕದ ಯಂತ್ರದೊಳಗೆ ಇರುತ್ತದಲ್ಲ, ಅದೇ. ಕ್ಯಾಮೆರಾ ಎಂದರೆ ಹುಡುಗನೊಬ್ಬನ ಮೊಬೈಲು, ಸೆಕೆಂಡಿಗೆ 240 ಚಿತ್ರ ತೆಗೆಯುವಂಥದ್ದು. ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಗೆ ನೆಲ ಬಿಡುತ್ತವೆಯೇ ಎಂದು ತೋರಿಸಲು ಛಾಯಾಗ್ರಾಹಕ ಮೈಬ್ರಿಜ್ 1878ರಲ್ಲಿ ಸಾಲು ಕ್ಯಾಮೆರಾ ನಿಲ್ಲಿಸಬೇಕಾಯಿತು. ಈಗ ಅಂಗಿಯ ಜೇಬಿನಲ್ಲಿ ಅದಕ್ಕಿಂತ ಹೆಚ್ಚಿನದೇ ಇದೆ.

ಮೈಮೇಲೆ ಅಂಟಿಸುವ ಗುರುತುಗಳಿಗೆ ಇವರು ಹುಡುಕಿಕೊಂಡ ಉಪಾಯ ನೋಡಿ: ಟಿಕಳಿ. ಬಳೆ ಅಂಗಡಿಯಲ್ಲಿ ಸಿಗುವ ದೊಡ್ಡ ಬಿಳಿ ಟಿಕಳಿ ಪಾಕೀಟು. ಸೊಂಟ, ಮಂಡಿ, ಕಾಲ್ಗಂಟು, ಕಿರುಬೆರಳು ಹೀಗೆ ಕೀಲುಗಳಿಗೆ ಒಂದೊಂದು ಅಂಟಿಸಿ ಬಗಲಿನಿಂದ ವಿಡಿಯೊ ತೆಗೆಯುತ್ತಾರೆ. ಉಚಿತವಾಗಿ ಸಿಗುವ ಕಿನೋವಿಯಾ ತಂತ್ರಾಂಶ ಆ ಚುಕ್ಕೆಗಳನ್ನು ಹಿಂಬಾಲಿಸಿ ಕೋನ ಅಳೆದುಕೊಡುತ್ತದೆ. ಬೆವರಿದರೆ ಟಿಕಳಿ ಉದುರುತ್ತದೆ ಎನ್ನುವುದೊಂದೇ ತಕರಾರು. ಏಪ್ರಿಲ್ಲಿನಲ್ಲಿ ಏನು ಮಾಡುತ್ತೀರಿ ಎಂದೆ. “ಮುಂಜಾನಿ ಆರಕ್ಕ ಬರ್ತೀವ್ರಿ.”

ನನ್ನನ್ನೂ ನಡೆಸಿದರು. ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಐದು ಟಿಕಳಿ ಅಂಟಿಸಿಕೊಂಡು ಹಲಗೆ ಮೇಲೆ ಹೋದೆ. ತಗಡಿನ ಮೇಲೆ ಕಾಲಿಟ್ಟ ಗಳಿಗೆ ಪರದೆಯಲ್ಲಿ ಗೆರೆ ಏರಿತು, ನಡುವೆ ತಗ್ಗಿತು, ಮತ್ತೆ ಏರಿ ಇಳಿಯಿತು. ಎರಡು ದಿಬ್ಬ, ನಡುವೊಂದು ಕಣಿವೆ. ಮೊದಲ ದಿಬ್ಬ ಹಿಮ್ಮಡಿ ಊರಿ ಭಾರ ಹೊರುವಾಗಿನದು, ಎರಡನೆಯದು ಹೆಬ್ಬೆರಳಿನಿಂದ ನೆಲ ಒದ್ದು ಮುಂದೆ ಹೋಗುವಾಗಿನದು. ಸುಮ್ಮನೆ ನಡೆದರೂ ದಿಬ್ಬದ ತುದಿಯಲ್ಲಿ ನೆಲದ ಮೇಲೆ ಬೀಳುವ ಬಲ ನಮ್ಮ ತೂಕಕ್ಕಿಂತ ಹತ್ತಿಪ್ಪತ್ತು ಪ್ರತಿಶತ ಜಾಸ್ತಿ. ಓಡಿದರೆ ಎರಡು-ಮೂರು ಪಟ್ಟು. ನನ್ನ ಎರಡನೇ ದಿಬ್ಬದ ತುದಿಯಲ್ಲಿ ಒಂದು ಸಣ್ಣ ಹಲ್ಲು ಕಾಣಿಸಿಕೊಂಡಿತು. ಪಾದದ್ದೋ, ಹಲಗೆಯ ಮೊಳೆ ಸಡಿಲಾಗಿದ್ದೋ, ಅವರಿಗೂ ಹೇಳಲಾಗಲಿಲ್ಲ, ನನಗೂ ತಿಳಿಯಲಿಲ್ಲ. ಮತ್ತೊಮ್ಮೆ ನಡೆದಾಗ ಅದು ಇರಲಿಲ್ಲ.

ಓಣಿಯ ಕೊನೆಗೆ ಆ ರೇಸಿಂಗ್ ಸೈಕಲ್ಲು. ನಾನು ಹಲಗೆಯ ಮೇಲಿದ್ದಾಗ ಒಳಗೆ ತಂದು ಹಿಂಗಾಲಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ್ದರು. ವಿಜಯಪುರ ಸೈಕ್ಲಿಂಗ್‌ಗೆ ಹೆಸರಾದ ಜಿಲ್ಲೆ. ನಸುಕಿನಲ್ಲಿ ಹೆದ್ದಾರಿಗೆ ಬಂದರೆ ಸಾಲಾಗಿ ಹೋಗುವ ಹುಡುಗ ಹುಡುಗಿಯರು ಕಾಣುತ್ತಾರೆ. ಇಲ್ಲಿ ತುಳಿಯುತ್ತಿದ್ದವನೂ ಅವರಲ್ಲೊಬ್ಬ. ಪೆಡಲ್ಲು ತೀರಾ ಕೆಳಗೆ ಬಂದಾಗ ಮಂಡಿ 25ರಿಂದ 35 ಡಿಗ್ರಿ ಬಾಗಿರಬೇಕು ಎನ್ನುತ್ತದೆ ಪುಸ್ತಕ. ಸೀಟು ತಗ್ಗಾದರೆ ಮಂಡಿಚಿಪ್ಪಿನ ಹಿಂದೆ ಒತ್ತಡ, ಎತ್ತರವಾದರೆ ಸೊಂಟ ಆಚೀಚೆ ಜೋಲುತ್ತದೆ. ಟಿಕಳಿ ಅಂಟಿಸಿ ಅಳೆದರು, ಪುಸ್ತಕದ ಲೆಕ್ಕದೊಳಗೇ ಬಂತು. ಅವನ ತರಬೇತುದಾರರು ಎಂದೂ ಕೋನ ಅಳೆದವರಲ್ಲ. ಪೆಡಲ್ಲು ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು ಎನ್ನುವ ಹಳೆಯ ಅಳತೆ ಅವರದು. ಆಮೇಲೆ ಹಿಮ್ಮಡಿಯ ಬದಲು ಮುಂಗಾಲು ಇಟ್ಟು ತುಳಿದರೆ ಮಂಡಿ ತಾನಾಗಿ ಅಷ್ಟು ಬಾಗುತ್ತದೆ.

ಕೊನೆಯ ಗೋಡೆಗೆ ಹುಡುಗರ ಪ್ರಾಜೆಕ್ಟ್ ಪಟಗಳು. ರೊಟ್ಟಿ ಬಡಿಯುವವರ ಮಣಿಕಟ್ಟು, ತಲೆಯ ಮೇಲೆ ಕೊಡ ಹೊತ್ತವರ ಕುತ್ತಿಗೆ, ದ್ರಾಕ್ಷಿ ಕೊಯ್ಯುವವರ ಭುಜ. ಪ್ರತಿ ಪಟದ ಕೆಳಗೂ ಒಂದೇ ಕೋಷ್ಟಕ: ಇಡೀ ಮೈತೂಕದಲ್ಲಿ ತೊಡೆ ಎಷ್ಟು ಪಾಲು, ಮೊಣಕಾಲ ಕೆಳಗಿನ ಭಾಗ ಎಷ್ಟು, ತೋಳೆಷ್ಟು. ಈ ಅಂಕಿ ಎಲ್ಲಿಂದ ಬಂತು ಎಂದು ಕೇಳಿದೆ. 1955ರಲ್ಲಿ ಡೆಂಪ್‌ಸ್ಟರ್ ಎಂಬ ವಿಜ್ಞಾನಿ ಅಮೆರಿಕದ ವಾಯುಪಡೆಗಾಗಿ ಮಾಡಿದ ಅಧ್ಯಯನದಿಂದ. ಅಳೆದದ್ದು ಎಂಟು ಶವಗಳನ್ನು, ಎಂಟೂ ವಯಸ್ಸಾದ ಗಂಡಸರವು. ಪ್ರಪಂಚದ ಎಷ್ಟೋ ಪಠ್ಯಪುಸ್ತಕಗಳು ಬಹುಕಾಲ ಆ ಎಂಟು ಜನರ ಮೇಲೇ ನಿಂತಿದ್ದವು. ತಿಕೋಟಾದ ಹೆಣ್ಣುಮಗಳ ತೋಳಿನ ಭಾರವನ್ನೂ ಅದರಿಂದಲೇ ಲೆಕ್ಕ ಹಾಕುತ್ತಾರೆ. ಬೇರೆ ಅಂಕಿ ಇವರ ಕೈಯಲ್ಲಿಲ್ಲ. ಈ ಮೈನರ್ ಇಂಥ ಊರಲ್ಲೇ ಇರಬೇಕಾದ ವಿಷಯ ಎಂದು ನನಗನ್ನಿಸಿದ್ದು ಆ ಪಟದ ಮುಂದೆ. ಆ ಕೋಷ್ಟಕದಲ್ಲಿ ಇಲ್ಲಿಯ ಮೈಗಳ ಅಳತೆಯಿಲ್ಲ, ಇಲ್ಲಿಯ ದುಡಿಮೆಯದಂತೂ ಇಲ್ಲವೇ ಇಲ್ಲ.

“ನಾಳೆ ಐತವಾರ, ಪಡಕ್ಕ ಹೊಂಟೇವಿ, ಬರ್ತೀರೇನ್ರಿ ಸರ?” ಎಂದಳು ತಿಕೋಟಾದ ಹುಡುಗಿ.

ಮರುದಿನ ಮೇಷ್ಟರು, ಹುಡುಗರ ಜೊತೆ ತೊರವಿ ದಾಟಿ, ಮಹಿಳಾ ವಿಶ್ವವಿದ್ಯಾಲಯದ ಮುಂದಿನಿಂದ ಅಥಣಿ ರಸ್ತೆ ಹಿಡಿದೆವು. ತಿಕೋಟಾ ಬಂತೆಂದು ದಾರಿಯ ಎರಡೂ ಬದಿಯ ದ್ರಾಕ್ಷಿಯೇ ಹೇಳುತ್ತದೆ. ಅವರ ಪಡ ಹಳೆಯ ಚಪ್ಪರ ಪದ್ಧತಿಯದು. ತಂತಿ ನನ್ನ ತಲೆಗಿಂತ ಮೇಲಿದೆ, ಗೊಂಚಲು ಹಣೆಯ ಹತ್ತಿರ ತೂಗುತ್ತವೆ. ಕತ್ತರಿ ಹಿಡಿದ ಹೆಣ್ಣುಮಕ್ಕಳು ನನಗಿಂತ ಗಿಡ್ಡ. ಅವರ ಕೈ ಇಳಿಯುವುದು ಕ್ರೇಟಿಗೆ ಗೊಂಚಲು ಹಾಕುವಾಗ ಮಾತ್ರ. ಲೆಕ್ಕ ಹೀಗೆ: 50 ಕಿಲೋ ತೂಕದವರಿಗೆ ಒಂದು ತೋಳು ಎರಡೂವರೆ ಕಿಲೋ. ಚಾಚಿ ಹಿಡಿದಾಗ ಅದರ ಭಾರ ಭುಜದಿಂದ 30 ಸೆಂಟಿಮೀಟರ್ ಆಚೆ, ಎತ್ತಿ ಹಿಡಿದ ಸ್ನಾಯುವಿಗೆ ಸಿಗುವ ಸನ್ನೆ ಮೂರು ಸೆಂಟಿಮೀಟರ್. ಕತ್ತರಿ, ಗೊಂಚಲು ಲೆಕ್ಕಕ್ಕೆ ಹಿಡಿಯದೆಯೇ 25 ಕಿಲೋ. ಸ್ನಾಯು ಬಿಗಿಹಿಡಿದೇ ಇದ್ದರೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಸಂಜೆಗೆ ರಟ್ಟೆ ಸೇದುತ್ತದೆ. ಪಕ್ಕದ ಹೊಲದವರು ವೈ ಆಕಾರದ ಹೊಸ ಪದ್ಧತಿ ಹಾಕಿದ್ದಾರೆ. ಅಲ್ಲಿ ಗೊಂಚಲು ಎದೆಮಟ್ಟಕ್ಕೆ ಬರುತ್ತವೆ. ಇಳುವರಿ, ಔಷಧ ಹೊಡೆಯುವ ಅನುಕೂಲ ನೋಡಿ ಹಾಕಿದ್ದಂತೆ. ಭುಜದ ಮಾತು ಯಾರೂ ಎತ್ತಿರಲಿಲ್ಲ.

ಅಲ್ಲೇ ಒಣದ್ರಾಕ್ಷಿ ಶೆಡ್ಡು. ಕೊಯ್ದ ಹಣ್ಣನ್ನು ಪೊಟ್ಯಾಸಿಯಮ್ ಕಾರ್ಬೊನೇಟು, ಡಿಪ್ಪಿಂಗ್ ಎಣ್ಣೆ ಕಲಸಿದ ನೀರಲ್ಲಿ ಅದ್ದಿ, ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಹದಿನೈದಿಪ್ಪತ್ತು ದಿನಕ್ಕೆ ಒಣಗುತ್ತದೆ. ಇಪ್ಪತ್ತು ಕಿಲೋ ಕ್ರೇಟನ್ನು ನೆಲದಿಂದ ಕೈ ಚಾಚಿ ಎತ್ತಿದರೆ, ಬೆನ್ನಿಗೂ ಕ್ರೇಟಿಗೂ 40 ಸೆಂಟಿಮೀಟರ್ ಅಂತರವಿದ್ದರೆ, ಐದು ಸೆಂಟಿಮೀಟರ್ ಸನ್ನೆಯ ಬೆನ್ನ ಸ್ನಾಯು ಆ ಕ್ರೇಟಿಗೇ 160 ಕಿಲೋ ಎಳೆಯಬೇಕು. ಹೊಟ್ಟೆಗೆ ತಾಗಿಸಿ 25 ಸೆಂಟಿಮೀಟರಿಗೆ ತಂದರೆ 100. ಸ್ನಾಯುಗಳು ತಾವು ಎತ್ತುವ ಭಾರಕ್ಕಿಂತ ಎಷ್ಟೋ ಹೆಚ್ಚು ಎಳೆಯುತ್ತವೆ ಎಂದು ಇಟಲಿಯ ಬೊರೆಲ್ಲಿ ಬರೆದಿದ್ದ. ಆ ಪುಸ್ತಕ ಅವನು ಸತ್ತ ಮೇಲೆ, 1680ರಲ್ಲಿ, ಅಚ್ಚಾಯಿತು. ಶೆಡ್ಡಿನ ಹಮಾಲರಿಗೆ ಬೊರೆಲ್ಲಿ ಬೇಕಾಗಿಲ್ಲ. ಅವರು ಕ್ರೇಟನ್ನು ಹೊಟ್ಟೆಗೆ ಒತ್ತಿಕೊಂಡೇ ಎತ್ತುತ್ತಿದ್ದರು, ಅಂಗಿಯೆಲ್ಲ ಅಂಟಂಟು. ಬೇಗ ಹೋಗಬೇಕೆಂದು ಅವಸರ ಮಾಡುತ್ತಿದ್ದ ಹೊಸ ಹುಡುಗನೊಬ್ಬ ಮಾತ್ರ ಚಾಚಿ ಎತ್ತುತ್ತಿದ್ದ.

ಮಧ್ಯಾಹ್ನ ಬಬಲೇಶ್ವರದ ಕಡೆ ತಿರುಗಿದೆವು. ಎರೆಹೊಲದಲ್ಲಿ ಬಿಳಿಜೋಳ ಕೀಳುವ ಸುಗ್ಗಿ ಮುಗಿಯುತ್ತ ಬಂದಿತ್ತು. ಇಲ್ಲಿ ಜೋಳವನ್ನು ಕುಡುಗೋಲಿನಿಂದ ಕೊಯ್ಯದೆ ಬೇರುಸಮೇತ ಕೀಳುತ್ತಾರೆ. ಬೆನ್ನು ಬಾಗಿಸಿ, ಎರಡೂ ಕೈಯಲ್ಲಿ ದಂಟು ಹಿಡಿದು, ಜಗ್ಗಿ, ಮಣ್ಣು ಕೊಡವಿ, ಹಿಂದಕ್ಕೆ ಒಗೆದು ಮುಂದಿನದಕ್ಕೆ. ಇದು ಬಬಲೇಶ್ವರದ ಇನ್ನೊಬ್ಬ ವಿದ್ಯಾರ್ಥಿನಿಯ ಪ್ರಾಜೆಕ್ಟು. ಒಂದು ದಂಟು ಕೀಳಲು ಎಷ್ಟು ಬಲ ಬೇಕು ಎಂದು ಸ್ಪ್ರಿಂಗ್ ತಕ್ಕಡಿ ಕಟ್ಟಿ ಅಳೆಯುತ್ತಿದ್ದಾಳೆ. ಕೀಳುವವರು ಎಕರೆ ಲೆಕ್ಕದ ಗುತ್ತಿಗೆಯವರು, ನಿಲ್ಲಿಸಿ ಅಳೆಯಿರಿ ಎನ್ನಲು ಅವರಿಗೆ ಪುರುಸೊತ್ತಿಲ್ಲ. “ಬುತ್ತಿ ಬಿಚ್ಚಿದಾಗ ಬರ್ರಿ” ಎಂದರು. ಕಾದೆವು. ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಹಿಂಡಿ ನಮ್ಮ ಕೈಗೂ ಬಂತು.

ಊಟದ ನಡುವೆ ಹುಡುಗಿ ತಾನೇ ದಂಟಿಗೆ ಬಟ್ಟೆ ಸುತ್ತಿ, ಕೊಕ್ಕೆ ಸಿಕ್ಕಿಸಿ ನೆಟ್ಟಗೆ ಮೇಲಕ್ಕೆ ಜಗ್ಗಿದಳು. ಮುಳ್ಳು ಏರುತ್ತ ಹೋಯಿತು, ದಂಟು ಜಪ್ಪಯ್ಯ ಎನ್ನಲಿಲ್ಲ. ನೋಡುತ್ತ ಕುಳಿತಿದ್ದ ಹಿರಿಯ ಹೆಂಗಸೊಬ್ಬರು ಕೈ ಒರೆಸಿಕೊಂಡು ಎದ್ದು ಬಂದರು. “ಹಂಗ ನೆಟ್ಟಗ ಜಗ್ಗಬ್ಯಾಡ ಯವ್ವಾ. ಮೊದಲ ಬಾಜೂಕ ವಾಲ್ಸು. ಬೇರು ಸಡ್ಲ ಆದ ಮ್ಯಾಲ ಕೀಳು.” ದಂಟನ್ನು ಮೊಣಕಾಲಿನ ಕಡೆ ಒಮ್ಮೆ ವಾಲಿಸಿ, ಅದೇ ಓಟದಲ್ಲಿ ಮೇಲಕ್ಕೆತ್ತಿದರು. ಬೇರು ಮಣ್ಣು ಹಿಡಿದೇ ಹೊರಬಂತು. ಹುಡುಗಿ ಹಾಗೇ ವಾಲಿಸಿ ಕೊಕ್ಕೆ ಹಾಕಿ ನೋಡಿದಾಗ ಮುಳ್ಳು ಮೊದಲಿಗಿಂತ ಸಾಕಷ್ಟು ಕೆಳಗೇ ನಿಂತಿತು. ವಾಲಿಸುವಾಗ ಒಂದು ಬದಿಯ ಬೇರು ಮೊದಲೇ ಹರಿದಿರುತ್ತದೆ. ಇಡೀ ಗಡ್ಡೆಯನ್ನು ಒಂದೇ ಏಟಿಗೆ ಕೀಳಬೇಕಿಲ್ಲ.

ಅಲ್ಲಿಯವರೆಗೆ ಅವಳು ಬರೆದಿಟ್ಟಿದ್ದ ಅಳತೆಗಳೆಲ್ಲ ನೆಟ್ಟಗೆ ಜಗ್ಗಿದವು. ತೆಗೆದುಹಾಕಲೇ ಎಂದು ಕೇಳಿದಳು. “ಬ್ಯಾಡ. ‘ನೆಟ್ಟಗ’ ಅಂತ ಬರದು ಬ್ಯಾರೆ ಇಡು. ‘ವಾಲಿಸಿ’ ಅಂತ ಹೊಸಾದು ತಗೋ” ಎಂದರು ಮೇಷ್ಟರು. ವಾಲಿಸಲು ಬೇಕಾದ ಬಲವನ್ನು ಈ ತಕ್ಕಡಿ ಹಿಡಿಯುವುದಿಲ್ಲ, ಅದಕ್ಕೆ ಬೇರೆ ಸೆನ್ಸರ್ ಬೇಕು ಎಂದು ಎಲೆಕ್ಟ್ರಾನಿಕ್ಸ್ ಹುಡುಗ ಆಗಲೇ ಫೋನಿನಲ್ಲಿ ದರ ನೋಡತೊಡಗಿದ್ದ. ಹೊಲದಲ್ಲಿ ಉಳಿದದ್ದು ಒಂದೇ ಪಟ್ಟಿ. ನಾಳೆ ಹೊತ್ತೇರುವುದರೊಳಗೆ ಅದೂ ಮುಗಿಯುತ್ತದೆ ಎಂದರು ಗುತ್ತಿಗೆಯವರು. ನಾಳೆ ಸೋಮವಾರ, ಮುಖ್ಯ ವಿಷಯದ ಕ್ಲಾಸುಗಳಿವೆ. ಹಾಜರಿಯ ಮಾತು ತಾವು ವಿಭಾಗದಲ್ಲಿ ಆಡುವುದಾಗಿ ಮೇಷ್ಟರು ಒಪ್ಪಿದ ಮೇಲೆ ಹುಡುಗಿ ಊರಲ್ಲೇ ಉಳಿದಳು, ನಾವು ವಿಜಯಪುರದ ಬಸ್ಸು ಹತ್ತಿದೆವು.